ಐವತ್ತೊಂದು ಕಿಲೋಗೆ ಇಳಿದ ಇಬ್ಬರು

ಮಿಂಚುಳ್ಳೀ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಎಡಗೈಯಲ್ಲಿ ಬರೆದದ್ದೆಂದು ನೀನು ಹೇಳುವ ಮೊದಲೇ ಗೊತ್ತಾಯಿತು. ಅಕ್ಷರಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ಹನ್ನೊಂದೇ ಸಾಲು, ಅದರಲ್ಲಿ ಎರಡು ಪ್ರಶ್ನೆ. "ಆ ದಿನ ರಿಂಗಲ್ಲಿ ಏನಾಯ್ತು ಅಂತ ನನಗೆ ನೆನಪಿಲ್ಲ. ಒಬ್ಬೊಬ್ರು ಒಂದೊಂದು ಹೇಳ್ತಾರೆ. ಹೊಡೆದವಳು ನೀನು, ನೀನೇ ಹೇಳು" ಎನ್ನುವುದು ಮೊದಲನೆಯದು. ಎರಡನೆಯದು: "ಮಾತ್ರೆ ತಿಂದು ತಿಂದು ಎಪ್ಪತ್ತೊಂದು ಕಿಲೋ ಆಗಿದ್ದೀನಿ. ಮಂಡಿ ತಡೆಯಲ್ಲ, ನಿಧಾನಕ್ಕೆ ಇಳಿಸು ಅಂತಾರೆ ಡಾಕ್ಟರು. ನನಗೆ ಹಸಿವು ಅಂದ್ರೆ ಭಯ. ಆ ಸಲ ನೀನು ಉಪವಾಸ ಇರದೆ ಇಳಿಸಿದ್ದೆಯಂತೆ. ಹೇಗೆ?"

ಮೊದಲನೆಯ ಪ್ರಶ್ನೆಗಾಗಿ ಒಂಬತ್ತು ವರ್ಷದಿಂದ ಕಾಯುತ್ತಿದ್ದೆ. ಎರಡನೆಯದು ಬರುತ್ತದೆಂದು ಎಣಿಸಿರಲಿಲ್ಲ. ಬರೆದು, ಹರಿದು, ಮತ್ತೆ ಬರೆದು ನೋಡಿದ ಮೇಲೆ ಹೊಳೆಯಿತು, ಎರಡಕ್ಕೂ ಉತ್ತರ ಒಂದೇ ಕಥೆಯೊಳಗಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನನಗೂ ಒಳ್ಳೆಯವಳಾಗಿ ಕಾಣುವ ಆಸೆ ಇದೆ; ಎಲ್ಲಾದರೂ ತೀರಾ ನುಣುಪಾಗಿ ಕಂಡರೆ ಆ ಸಾಲನ್ನು ನಂಬಬೇಡ.

ಆ ಪಂದ್ಯಕ್ಕೆ ಮುಂಚೆ ನಾವಿಬ್ಬರೂ ಎರಡು ಸಲ ಎದುರಾಗಿದ್ದು ನಿನಗೆ ನೆನಪಿರಬೇಕು. ಮೊದಲ ಸಲ ನನ್ನ ಮೂಗು ಮುರಿದೆ. ಎರಡನೆಯ ಸಲ ಮುರಿಯಲು ಏನೂ ಉಳಿದಿರಲಿಲ್ಲವೇನೋ, ಬರೀ ಆಟವಾಡಿಸಿದೆ. ನಿನಗೆ ಮಿಂಚುಳ್ಳಿ ಎಂದು ಹೆಸರಿಟ್ಟವರು ಯಾರೋ, ನಾಲಿಗೆಗೆ ಸಕ್ಕರೆ ಹಾಕಬೇಕು. ಕಣ್ಣು ಮಿಟುಕಿಸುವುದರೊಳಗೆ ಬಂದು ಕುಕ್ಕಿ ಹೋಗಿರುತ್ತಿದ್ದೆ. ನಾನು ಗುದ್ದಲಿ. ಎತ್ತಿ ಹಾಕಲು ಹೊತ್ತು ಬೇಕು, ಬಿದ್ದರೆ ಮಾತ್ರ ಗುಂಡಿ.

ಆ ಎರಡನೆಯ ಪಂದ್ಯಕ್ಕೆ ನಾನೂ ಎಲ್ಲರ ಹಾಗೆಯೇ ತೂಕ ಇಳಿಸಿದ್ದೆ. ಐವತ್ತೈದೂವರೆಯಿಂದ ನಮ್ಮ ವರ್ಗದ ಮಿತಿಯಾದ ಐವತ್ತೊಂದು ಕಿಲೋಗೆ, ಏಳು ದಿನದಲ್ಲಿ. ಬೆಳಗ್ಗೆ ಅರ್ಧ ಸೇಬು, ಸಂಜೆ ಇನ್ನರ್ಧ. ಕೊನೆಯ ಎರಡು ದಿನ ನೀರೂ ಇಲ್ಲ. ನಮ್ಮ ಕೋಚ್ ಬೆನ್ನ ಹಿಂದೆ ನಿಂತು, ಓಟ ನಿಧಾನವಾದಾಗಲೆಲ್ಲ ಒದ್ದೆ ಟವೆಲ್ಲಿನಿಂದ ತೊಡೆಗೆ ಬಾರಿಸುತ್ತಿದ್ದರು. ಪಂದ್ಯ ಸೋತು ಮನೆಗೆ ಬಂದವಳು ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ. ಬೀಳುವಾಗ ಗದ್ದ ಕೈತೊಳೆಯುವ ಬೇಸಿನ್ನಿನ ಅಂಚಿಗೆ ಬಡಿದು ಸೀಳಿತು. ಬಾಗಿಲು ಒಡೆದು ನನ್ನನ್ನು ಹೊರಗೆ ಎಳೆದುಕೊಂಡವಳು ಚಿಕ್ಕಮ್ಮ.

ಚಿಕ್ಕಮ್ಮನನ್ನು ನೀನು ನೋಡಿದ್ದೀಯ, ಆದರೆ ನೆನಪಿರಲಿಕ್ಕಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಆಸ್ಪತ್ರೆಯ ಅಡುಗೆಮನೆಯಲ್ಲಿ ಯಾವ ರೋಗಿಗೆ ಏನು, ಎಷ್ಟು ಎಂದು ನಿರ್ಧರಿಸುವ ಕೆಲಸ ಅವಳದು. ನನ್ನ ಗದ್ದಕ್ಕೆ ಆರು ಹೊಲಿಗೆ ಹಾಕಿಸಿ, ಮರುದಿನ ಬೆಳಗ್ಗೆ ಏಪ್ರನ್ ಕೂಡ ಬಿಚ್ಚದೆ ನೇರ ನಮ್ಮ ಜಿಮ್ಮಿಗೆ ಬಂದಳು. ಕೋಚ್ ಕುರ್ಚಿ ಕೊಟ್ಟರು. ಕೂರಲಿಲ್ಲ.

"ಇವತ್ತಿನಿಂದ ಇವಳ ತೂಕ ನನ್ನ ಜವಾಬ್ದಾರಿ" ಎಂದಳು. "ನೀವು ಗುದ್ದೋದು ಕಲಿಸಿ. ಇವಳ ತಟ್ಟೆಗೆ ಕೈ ಹಾಕಿದ್ರೆ, ಅಲ್ಲಿ ನೇತಾಡ್ತಿದೆಯಲ್ಲ ಮರಳು ಚೀಲ, ಅದನ್ನ ಇಳಿಸಿ ನಿಮ್ಮನ್ನ ನೇತುಹಾಕ್ತೀನಿ. ಕೊಂಡಿ ಗಟ್ಟಿಯಾಗೇ ಇದೆ, ನೋಡಿದೆ."

ಕೋಚ್ ಅಷ್ಟು ವರ್ಷದಲ್ಲಿ ಯಾರಿಗೂ ಹೆದರಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಕಂಡೆ.

ಅವಳು ಹೇಳಿಕೊಟ್ಟದ್ದು ಇಷ್ಟೇ. ಮನುಷ್ಯನ ಮೈ ಸುಮ್ಮನೆ ಮಲಗಿದ್ದರೂ ಉರಿಯುತ್ತಿರುತ್ತದೆ. ಎದೆ ಬಡಿಯಬೇಕು, ಉಸಿರಾಡಬೇಕು, ಮಿದುಳು ಯೋಚಿಸಬೇಕು. ಅದಕ್ಕೆಲ್ಲ ಇಂಧನ ಬೇಕು. ಅದರ ಮೇಲೆ ಓಟ, ಗುದ್ದಾಟ. ಇಂಧನವನ್ನು ಅಳೆಯುವುದು ಕ್ಯಾಲೊರಿಯಲ್ಲಿ. "ನಿನ್ನ ಮೈ ದಿನಕ್ಕೆ ಹತ್ತಿರ ಹತ್ತಿರ ಎರಡು ಸಾವಿರದ ಇನ್ನೂರು ಸುಡುತ್ತೆ" ಎಂದಳು. "ನೀನು ಸಾವಿರದ ಎಂಟುನೂರ ಐವತ್ತು ತಿನ್ನು. ಮುನ್ನೂರ ಐವತ್ತು ಕಮ್ಮಿ ಬೀಳುತ್ತಲ್ಲ, ಅದನ್ನ ಮೈ ತನ್ನ ಕೊಬ್ಬಿಂದ ತಗೊಳ್ಳುತ್ತೆ. ಗಲಾಟೆ ಮಾಡದೆ ತಗೊಳ್ಳುತ್ತೆ, ಯಾಕಂದ್ರೆ ಅಷ್ಟು ಸಣ್ಣ ಕೊರತೆಯಿಂದ ಅದಕ್ಕೆ ನೋವಾಗಲ್ಲ. ಒಂದೇ ಸಲ ಸಾವಿರದೈನೂರು ಕಿತ್ಕೊಂಡ್ರೆ ಅದು ತಿರುಗಿ ಬೀಳುತ್ತೆ. ಕೊಬ್ಬಿನ ಜೊತೆ ಮಾಂಸಖಂಡಾನೂ ಅಗಿದು ನುಂಗುತ್ತೆ. ಯಾವ ತೋಳಲ್ಲಿ ನೀನು ಹೊಡೀಬೇಕೋ ಅದೇ ತೋಳನ್ನ."

"ಏಳು ದಿನದಲ್ಲಿ ನಾಲ್ಕೂವರೆ ಕಿಲೋ ಇಳೀತಲ್ಲ?" ಎಂದೆ.

"ಇಳಿದದ್ದು ನೀರು ಕಣೇ. ಒದ್ದೆ ಬಟ್ಟೆ ಹಿಂಡಿದ ಹಾಗೆ ನಿನ್ನ ಹಿಂಡಿದಾರೆ. ಬಟ್ಟೆ ಹಾಗೇ ಇದೆ."

ಅವಳ ಲೆಕ್ಕದಲ್ಲಿ ವಾರಕ್ಕೆ ಮುನ್ನೂರು ಗ್ರಾಂ ಚಿಲ್ಲರೆ. ನಾಲ್ಕೂವರೆ ಕಿಲೋಗೆ ಹದಿನಾಲ್ಕು ವಾರ. ನನಗೆ ನಗು ಬಂತು. ಮುನ್ನೂರು ಗ್ರಾಂ ಎಂದರೆ ಒಂದು ಜೊತೆ ಶೂ ಕೂಡ ಅಲ್ಲ. ಆದರೆ ಚಿಕ್ಕಮ್ಮ ನಗುವವಳಲ್ಲ. ಬೆಳಗ್ಗೆ ಎರಡು ಮೊಟ್ಟೆ, ಎರಡು ಚೂರು ಬ್ರೆಡ್, ಒಂದು ಹಣ್ಣು. ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಅನ್ನವೋ ಆಲೂಗಡ್ಡೆಯೋ, ಅದರ ಎರಡರಷ್ಟು ತರಕಾರಿ, ಅಂಗೈ ಅಗಲದ ಮೀನು ಅಥವಾ ಒಂದು ಬಟ್ಟಲು ಬೇಯಿಸಿದ ಕಾಳು. ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕುತ್ತಿದ್ದಳು, "ಕಳ್ಳ ಇರೋದು ಇದರಲ್ಲೇ" ಎನ್ನುತ್ತ. ನೀರಿಗೆ ಮಾತ್ರ ಅಳತೆ ಇರಲಿಲ್ಲ. ಕುಡಿ, ಇನ್ನೂ ಕುಡಿ.

ಆರನೆಯ ವಾರ ತೂಕ ನಿಂತುಬಿಟ್ಟಿತು. ಎಂಟು ದಿನ ಒಂದು ಗ್ರಾಮೂ ಅಲುಗಲಿಲ್ಲ. ಒಂಬತ್ತನೆಯ ದಿನ ನಾನು ತಟ್ಟೆಯನ್ನು ಗೋಡೆಗೆ ಎಸೆದೆ. ಅಡುಗೆಮನೆ ತುಂಬ ಪಿಂಗಾಣಿ ಚೂರು, ಗೋಡೆ ತುಂಬ ಅನ್ನ. ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತು, "ಬರಿಗೈಲಿ ಆರಿಸು" ಎಂದಳು. ಆರಿಸಿದೆ. ಎರಡು ಬೆರಳು ಕುಯ್ದುಕೊಂಡವು. ಬ್ಯಾಂಡೇಜ್ ಸುತ್ತುತ್ತ ಹೇಳಿದಳು: "ಮೈ ಒಂದೊಂದ್ಸಲ ನೀರು ಹಿಡ್ಕೊಂಡಿರುತ್ತೆ. ಒಳಗೆ ಕೊಬ್ಬು ಕರಗ್ತಾ ಇದ್ರೂ ತಕ್ಕಡಿ ಮುಳ್ಳು ಅಲ್ಲಾಡಲ್ಲ. ದಿನದ ತೂಕ ನೋಡಿ ಸಾಯ್ಬೇಡ, ವಾರದ ಸರಾಸರಿ ನೋಡು. ಹಗುರಾದ ಮೈ ಕಮ್ಮಿ ಸುಡುತ್ತೆ, ಅದಕ್ಕೇ ಇನ್ನೂ ನಿಂತೇ ಇದ್ರೆ ನೂರು ಕಮ್ಮಿ ಮಾಡೋಣ. ನೂರು ಅಷ್ಟೇ." ಹತ್ತು ದಿನ ಕಳೆದ ಮೇಲೆ ಒಂದೇ ಬೆಳಗ್ಗೆ ಆರುನೂರು ಗ್ರಾಂ ಇಳಿದಿತ್ತು.

ಹದಿನಾಲ್ಕನೆಯ ವಾರ ನಾನು ಐವತ್ತೊಂದಕ್ಕೆ ನೂರು ಗ್ರಾಂ ಕಡಿಮೆ ಇದ್ದೆ, ಹೊಟ್ಟೆ ತುಂಬಿತ್ತು. ತೋಳುಗಳಲ್ಲಿ ಹಿಂದೆಂದೂ ಇರದ ಕಸುವು. ಚೀಲಕ್ಕೆ ಹೊಡೆದರೆ ಕೋಚ್ ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಹಿಂದೆ ಸರಿಯುತ್ತಿದ್ದರು. ನಿನ್ನ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇದು. ಇನ್ನು ಮೊದಲನೆಯದು.

ಪಂದ್ಯದ ಹಿಂದಿನ ದಿನ ಸಂಜೆ ನಾನು ಕ್ರೀಡಾಂಗಣದ ನೆಲಮಾಳಿಗೆಗೆ ಸ್ನಾನಕ್ಕೆ ಹೋದೆ. ಸ್ನಾನದ ಕೋಣೆಯ ಪಕ್ಕದಲ್ಲೇ ಬೆವರು ಹರಿಸುವ ಒಣ ಬಿಸಿಯ ಕೋಣೆ. ಬಾಗಿಲಿಗೆ ಒಂದು ಚೌಕ ಗಾಜು. ಹೊರಗೆ ನಿನ್ನ ಅಣ್ಣ ನಿಂತಿದ್ದ, ಕೈಯಲ್ಲಿ ಸ್ಕಿಪ್ಪಿಂಗ್ ಹಗ್ಗ. ನಿನ್ನ ಅಣ್ಣನೇ ನಿನ್ನ ಕೋಚ್ ಎಂಬುದು ನನಗೆ ಗೊತ್ತಿತ್ತು. ಅವನು ಬಾಗಿಲು ತೆಗೆದು ಒಳಗೆ ಹೋದಾಗ ನೀನು ಕಂಡೆ. ಕಪ್ಪು ಪ್ಲಾಸ್ಟಿಕ್ ಸೂಟಿನಲ್ಲಿ ಕುಳಿತು, ಎಂಜಲಿನ ತೂಕವಾದರೂ ಇಳಿಯಲೆಂದು ಕಾಗದದ ಲೋಟಕ್ಕೆ ಉಗುಳಲು ಪ್ರಯತ್ನಿಸುತ್ತಿದ್ದೆ. ಉಗುಳು ಬರುತ್ತಿರಲಿಲ್ಲ.

"ಏಳು. ಇನ್ನೂ ಎಂಟುನೂರು ಗ್ರಾಂ ಇದೆ" ಎಂದ. ನೀನು ಏಳಲಿಲ್ಲ. ಅವನು ಹಗ್ಗವನ್ನು ಎರಡು ಮಡಿಕೆ ಮಾಡಿ ಮೀನಖಂಡಕ್ಕೆ ಬಾರಿಸಿದ. ಮೂರು ಸಲ. ಮೂರನೆಯದಕ್ಕೆ ಎದ್ದು, ನಿಂತಲ್ಲೇ ಕುಣಿಯತೊಡಗಿದೆ. ಅವನು ಫೋನ್ ಬಂತೆಂದು ಮೆಟ್ಟಿಲ ಕಡೆ ಹೋದ.

ಆಗ ನೀನು ಬಾಗಿಲ ಹತ್ತಿರ ಬಂದೆ. ನಿನ್ನ ಮುಖ ಒಣಗಿತ್ತು. ಆ ಬಿಸಿಯ ಕೋಣೆಯಿಂದ ಬಂದವಳ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ. ತುಟಿಯ ಬಿರುಕುಗಳಲ್ಲಿ ರಕ್ತ ಕಪ್ಪಾಗಿ ನಿಂತಿತ್ತು. ನನ್ನ ಕೈಯಲ್ಲಿ ನೀರಿನ ಬಾಟಲಿ ಇತ್ತು.

"ಒಂದು ಗುಟುಕು ಕೊಡ್ತೀಯಾ?" ಎಂದೆ ನೀನು. "ಬಾಯಿ ಮುಕ್ಕಳಿಸೋಕೆ ಅಷ್ಟೇ. ನುಂಗಲ್ಲ, ಆಣೆ."

ನಾನು, "ನಿಮ್ಮಣ್ಣನ್ನ ಕೇಳು" ಎಂದೆ.

ಇದನ್ನು ನಿನಗೆ ಬೇರೆ ಯಾರೂ ಹೇಳಿರಲಾರರು. ಅಲ್ಲಿ ಇದ್ದವರು ನಾವಿಬ್ಬರೇ, ನಿನಗೆ ನೆನಪಿಲ್ಲ.

ಸುಮ್ಮನಾದರೂ ಇರಬಹುದಿತ್ತು. ಮೇಲೆ ಹೋಗಿ ಕೋಚ್‌ಗೆ ಕಂಡದ್ದನ್ನೆಲ್ಲ ಹೇಳಿದೆ. ಅವರ ಕಣ್ಣು ಅರಳಿತು. "ಬೆವರೂ ಬರ್ತಿಲ್ವಾ? ಹಾಗಾದ್ರೆ ಒಳಗೆ ಏನೂ ಇಲ್ಲ. ಮೊದಲೆರಡು ಸುತ್ತು ಹೊಟ್ಟೆಗೇ ಹೊಡಿ. ಮೂರನೇದ್ರಲ್ಲಿ ಅವಳ ಕೈ ತಾನಾಗೇ ಇಳಿಯುತ್ತೆ. ಆಗ ತಲೆ." ಪಂದ್ಯದ ವೈದ್ಯರ ಕೋಣೆ ನಮ್ಮ ಕೋಣೆಗೆ ಎರಡೇ ಬಾಗಿಲು ಆಚೆ ಇತ್ತು. ಅದರ ಮುಂದೆಯೇ ಹಾದು ಹೋಗಿ ಊಟ ಮಾಡಿ ಮಲಗಿದೆ. ಚೆನ್ನಾಗಿ ನಿದ್ದೆ ಬಂತು.

ಬೆಳಗ್ಗೆ ತೂಕದ ಹೊತ್ತಿಗೆ ನೀನು ಟವೆಲ್ಲಿನ ಮರೆಯಲ್ಲಿ ನಿಂತೆ. ಐವತ್ತೊಂದು, ಸರಿಯಾಗಿ. ಅಣ್ಣ ನಿನ್ನ ಬೆನ್ನು ಚಪ್ಪರಿಸಿದ ರಭಸಕ್ಕೆ ನೀನು ಮಂಡಿಯೂರಿದೆ; ಸುತ್ತಲಿದ್ದವರು ಸಂತೋಷಕ್ಕೆ ಹಾಗೆ ಮಾಡಿದೆ ಎಂದುಕೊಂಡು ನಕ್ಕರು. ಆರು ದಿನದಲ್ಲಿ ಐದು ಕಿಲೋ ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಪಂದ್ಯ ಮಧ್ಯಾಹ್ನ ಮೂರಕ್ಕೆ. ತೂಕ ಮುಗಿದ ಮೇಲೆ ಕುಡಿದ ನೀರು ನಿನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲವಂತೆ. ಮೊದಲ ಸುತ್ತು ನೀನು ಗೆದ್ದೆ. ಇದನ್ನು ತಿಳಿದುಕೊ: ಅಷ್ಟಾದರೂ ನೀನು ಗೆದ್ದೆ. ನನ್ನ ಎಡಹುಬ್ಬು ಒಡೆದೆ, ರಕ್ತ ಕಣ್ಣಿಗೆ ಇಳಿಯಿತು, ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ನಾನು ನಿನ್ನ ಹೊಟ್ಟೆಗೆ ಹೊಡೆದದ್ದು ನಾಲ್ಕೇ ಏಟು. ಎರಡನೆಯ ಸುತ್ತಿನಲ್ಲಿ ಹದಿನೈದು. ಪಕ್ಕೆಲುಬಿನ ಕೆಳಗೆ ಬಿದ್ದಾಗಲೆಲ್ಲ ನಿನ್ನ ಬಾಯಿಂದ ಒಣ ಗಾಳಿ ಬರುತ್ತಿತ್ತು, ಹರಿದ ತಿದಿಯಂತೆ. ಹದಿನಾಲ್ಕು ವಾರ ಉಂಡ ಅನ್ನವೆಲ್ಲ ನನ್ನ ಮುಷ್ಟಿಯಲ್ಲಿತ್ತು. ಆರು ದಿನ ಉಣ್ಣದ ಅನ್ನವೆಲ್ಲ ನಿನ್ನ ಕಾಲಲ್ಲಿ ಇರಲಿಲ್ಲ.

ಮೂರನೆಯ ಸುತ್ತು. ಅರ್ಧ ಕಳೆದಿತ್ತು. ನಿನ್ನ ಕೈಗಳು ಎದೆಯವರೆಗೆ ಇಳಿದವು. ನಿನ್ನ ಕಣ್ಣು ನನ್ನನ್ನು ಬಿಟ್ಟು, ನನ್ನ ಹೆಗಲ ಹಿಂದೆ ಯಾರನ್ನೋ ಹುಡುಕುತ್ತಿತ್ತು. ಆ ಕ್ಷಣದಲ್ಲಿ ನಾನು ನಿನ್ನನ್ನು ತಬ್ಬಿ ಹಿಡಿಯಬಹುದಿತ್ತು. ರೆಫರಿ ಬಿಡಿಸಲು ಬರುತ್ತಿದ್ದರು, ನಿನ್ನ ಮುಖ ನೋಡುತ್ತಿದ್ದರು, ನಿಲ್ಲಿಸುತ್ತಿದ್ದರು. ಇದೆಲ್ಲ ಈಗ ಹೊಳೆದದ್ದಲ್ಲ, ಆಗಲೇ ಹೊಳೆದಿತ್ತು. ನಾನು ಎಡಗೈಯಲ್ಲಿ ಹೊಟ್ಟೆಗೆ ಹೊಡೆದೆ, ನೀನು ಬಾಗಿದೆ, ಇಡೀ ಮೈಯ ಭಾರ ಹಾಕಿ ಬಲಗೈಯನ್ನು ನಿನ್ನ ಎಡಗೆನ್ನೆಯ ಮೇಲೆ, ಕಣ್ಣಿನ ಪಕ್ಕಕ್ಕೆ ಬೀಸಿದೆ. ನೀನು ನಿಂತಲ್ಲೇ ಕುಸಿದೆ. ತಲೆ ನೆಲಕ್ಕೆ ಬಡಿದ ಸದ್ದು ಕೊನೆಯ ಸಾಲಿನವರಿಗೂ ಕೇಳಿಸಿತಂತೆ.

ನಾನು ಕೈ ಎತ್ತಿ ಕೂಗಿದೆ. ಖುಷಿಯಾಗಿತ್ತು. ಆಮೇಲೆ ನಿನ್ನ ಬಲಗಾಲು ತಾನಾಗಿ ಒದೆಯತೊಡಗಿತು.

ನಿನ್ನನ್ನು ಒಯ್ದದ್ದು ಚಿಕ್ಕಮ್ಮನ ಆಸ್ಪತ್ರೆಗೇ. ತಲೆಬುರುಡೆ ತೆರೆದು ರಕ್ತ ತೆಗೆದರು. ಮೈಯಲ್ಲಿ ನೀರೇ ಇಲ್ಲದೆ ಮಿದುಳಿಗೆ ಏಟು ತಾಳುವ ಶಕ್ತಿ ಉಳಿದಿರಲಿಲ್ಲ, ಅದೇ ಏಟು ಬೇರೆ ದಿನ ಬಿದ್ದಿದ್ದರೆ ಎದ್ದು ಕೂರುತ್ತಿದ್ದೆಯೇನೋ ಎಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆ ಹೇಳಿದರು. ನಲವತ್ತು ದಿನ ನಿನ್ನ ಮೂಗಿನ ನಳಿಕೆಯಲ್ಲಿ ಹೋದ ಆಹಾರವನ್ನು ಅಳೆದು, ತಾನೇ ನಿನ್ನ ಹಾಸಿಗೆಯವರೆಗೆ ತಂದವಳು ನನ್ನ ಚಿಕ್ಕಮ್ಮ. ಮೊದಲು ತೀರಾ ಸ್ವಲ್ಪ, ದಿನಕ್ಕೆ ಇಷ್ಟಿಷ್ಟೇ ಏರಿಸುತ್ತ. ಉಪವಾಸ ಬಿದ್ದ ಮೈಗೆ ಒಮ್ಮೆಗೇ ತುಂಬಿದರೂ ಅಪಾಯವಂತೆ. ನಾನು ಒಳಗೆ ಬರಲಿಲ್ಲ. ವಾರ್ಡಿನ ಬಾಗಿಲವರೆಗೆ ಬಂದು ವಾಪಸು ಹೋಗುತ್ತಿದ್ದೆ.

ಒಂಬತ್ತನೆಯ ದಿನ ನಿನ್ನ ಅಣ್ಣ ನಮ್ಮ ಜಿಮ್ಮಿಗೆ ನುಗ್ಗಿದ. ನೇರ ಬಂದು ನನ್ನ ಮುಖಕ್ಕೆ ಗುದ್ದಿದ. ಹೊಲಿಗೆ ಹಾಕಿದ್ದ ಹುಬ್ಬು ಮತ್ತೆ ತೆರೆಯಿತು. ನಾನೂ ಬಿಡಲಿಲ್ಲ. ಗ್ಲೌಸ್ ಇಲ್ಲದೆ, ನಿಯಮ ಇಲ್ಲದೆ, ಬೆಂಚುಗಳ ಮೇಲೆ ಬಿದ್ದು ಹೊರಳಾಡಿ ಹೊಡೆದಾಡಿದೆವು. ನಾನು ಅವನ ಮೂಗು ಮುರಿದೆ, ಅವನು ನನ್ನ ಒಂದು ಹಲ್ಲು ಉದುರಿಸಿದ. ಕೊನೆಗೆ ಅವನು ಗೋಡೆಗೆ ಒರಗಿ ಕುಸಿದು, ರಕ್ತದ ಕೈಯಲ್ಲೇ ಮುಖ ಮುಚ್ಚಿಕೊಂಡ. "ನಾನು ನೀರು ಕೊಡ್ಲಿಲ್ಲ" ಎಂದ. "ಎರಡು ದಿನ ಕೇಳಿದ್ಲು. ನಾನು ಕೊಡ್ಲಿಲ್ಲ." "ನಾನೂ ಕೊಡ್ಲಿಲ್ಲ" ಎನ್ನುವುದು ನನ್ನ ನಾಲಿಗೆ ತುದಿಯವರೆಗೆ ಬಂತು. ಹೇಳಲಿಲ್ಲ.

ಹೇಳಿದ್ದು ಚಿಕ್ಕಮ್ಮನಿಗೆ, ಅವತ್ತೇ, ಅವಳು ನನ್ನ ಹುಬ್ಬಿಗೆ ಮಂಜುಗಡ್ಡೆ ಒತ್ತುತ್ತಿದ್ದಾಗ. ಅವಳು ಮಂಜುಗಡ್ಡೆಯನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಕೆನ್ನೆಗೆ ಬಾರಿಸಿದಳು. ಜೀವಮಾನದಲ್ಲಿ ಅವಳು ನನಗೆ ಹೊಡೆದದ್ದು ಅದೊಂದೇ ಏಟು. ರಿಂಗಿನಲ್ಲಿ ತಿಂದ ಯಾವುದೂ ಅಷ್ಟು ಒಳಗೆ ಹೋಗಿಲ್ಲ. "ಹದಿನಾಲ್ಕು ವಾರ ನಿನಗೆ ಮೈ ಅಂದ್ರೆ ಏನು ಅಂತ ಕಲಿಸಿದೆ" ಎಂದಳು. "ನೀನು ಕಲಿತದ್ದು ಅದನ್ನ ಎಲ್ಲಿ ಮುರೀಬೇಕು ಅಂತ." ಮತ್ತೆ ಮಂಜುಗಡ್ಡೆ ಎತ್ತಿಕೊಂಡು ಒತ್ತಿದಳು.

ಅದಾದ ಮೇಲೆ ನಾನು ರಿಂಗಿಗೆ ಇಳಿಯಲಿಲ್ಲ. ಈಗ ಹನ್ನೊಂದು ಹುಡುಗಿಯರಿಗೆ ಕಲಿಸುತ್ತೇನೆ. ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿದವಳನ್ನು ಪಂದ್ಯಕ್ಕೆ ಕಳಿಸುವುದಿಲ್ಲ. ಹೋದ ವರ್ಷ ಒಬ್ಬಳು ಪ್ಲಾಸ್ಟಿಕ್ ಸೂಟ್ ಹಾಕಿಕೊಂಡು ಓಡುತ್ತಿದ್ದಳು. ಬೆನ್ನಟ್ಟಿ ಹಿಡಿದು, ನೆಲಕ್ಕೆ ಕೆಡವಿ, ಕತ್ತರಿಯಿಂದ ಕುತ್ತಿಗೆಯಿಂದ ಕಾಲಿನವರೆಗೆ ಸೀಳಿದೆ. ಅವಳು ಕಿರುಚಿದಳು, ಅವಳಪ್ಪ ಪೊಲೀಸರನ್ನು ಕರೆಯುತ್ತೇನೆಂದ. ಕರೆಯಿರಿ ಎಂದೆ. ಇದರಿಂದ ನಿನ್ನ ಬಲಗೈ ವಾಪಸು ಬರುವುದಿಲ್ಲವೆಂದು ಗೊತ್ತು. ನಡೆದದ್ದನ್ನೆಲ್ಲ ಬರೆಯುತ್ತೇನೆ ಎಂದೆನಲ್ಲ, ಅದಕ್ಕೆ ಹೇಳುತ್ತಿದ್ದೇನೆ, ಪದಕದ ಹಾಗೆ ತೋರಿಸಲು ಅಲ್ಲ.

ಈಗ ನಿನ್ನ ಎಪ್ಪತ್ತೊಂದು ಕಿಲೋ. ನೀನು ಬರೆದದ್ದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಕೆಲಸದಿಂದ ನಿವೃತ್ತಳಾದರೂ ಬಾಯಿ ನಿವೃತ್ತವಾಗಿಲ್ಲ. ನಿನ್ನ ಓಡಾಟಕ್ಕೆ ಮೈ ದಿನಕ್ಕೆ ಸಾವಿರದ ಎಂಟುನೂರರ ಆಸುಪಾಸು ಸುಡಬಹುದು ಎನ್ನುತ್ತಾಳೆ. ಸಾವಿರದ ನಾನೂರೈವತ್ತು ತಿನ್ನು. ಅದಕ್ಕಿಂತ ಕೆಳಗೆ ಹೋಗಬೇಡ. ಮಾತ್ರೆಗಳಿಗೂ ಊಟಕ್ಕೂ ಸಂಬಂಧವಿರುತ್ತದೆ, ಆದ್ದರಿಂದ ಶುರು ಮಾಡುವ ಮೊದಲು ಈ ಅಂಕಿಗಳನ್ನು ನಿನ್ನ ಡಾಕ್ಟರಿಗೆ ತೋರಿಸು. ಅವರು ಬದಲಿಸಿದರೆ ಅವರ ಮಾತೇ ಕೊನೆ. ಮೂರು ಹೊತ್ತೂ ಉಣ್ಣು. ಪ್ರತಿ ಹೊತ್ತೂ ಮೊಟ್ಟೆಯೋ ಮೀನೋ ಕಾಳೋ ಇರಲಿ, ಹೊಟ್ಟೆ ಬೇಗ ಖಾಲಿಯಾಗುವುದಿಲ್ಲ, ಕಾಲಿನ ಮಾಂಸಖಂಡ ಕರಗುವುದಿಲ್ಲ. ತಟ್ಟೆಯ ಅರ್ಧ ತರಕಾರಿ. ವಾರಕ್ಕೆ ಮುನ್ನೂರು ಗ್ರಾಂ ಇಳಿದರೆ ಸಾಕು. ವರ್ಷ ಕಳೆಯುವುದರೊಳಗೆ ಹತ್ತು ಹನ್ನೆರಡು ಕಿಲೋ. ಮಧ್ಯದಲ್ಲಿ ತೂಕ ನಿಲ್ಲುತ್ತದೆ, ಹೆದರಬೇಡ. ಒಂದು ದಿನ ಹೆಚ್ಚು ತಿಂದೆಯಾ, ಮರುದಿನ ಉಪವಾಸ ಮಾಡಿ ಶಿಕ್ಷಿಸಿಕೊಳ್ಳಬೇಡ. ಸ್ವಲ್ಪ ಹಸಿವಾಗುತ್ತದೆ, ಊಟಕ್ಕೆ ಮುಂಚೆ ಎಲ್ಲರಿಗೂ ಆಗುವಷ್ಟು. ತಲೆ ಸುತ್ತಿದರೆ, ಕೈ ನಡುಗಿದರೆ ಆ ಕ್ಷಣವೇ ತಿನ್ನು, ಡಾಕ್ಟರಿಗೆ ಹೇಳು. ನೀರು ಎಷ್ಟು ಬೇಕಾದರೂ ಕುಡಿ.

ನೀನು ಒಂದು ತುತ್ತು ಕಡಿಮೆ ಉಂಡರೂ ಅಣ್ಣ ತಟ್ಟೆಯ ಮುಂದೆ ಕೂತು ಅಳುತ್ತಾನೆ ಎಂದು ಬರೆದಿದ್ದೀಯ. ಈ ಕಾಗದದ ಈ ಭಾಗವನ್ನು ಅವನಿಗೆ ಓದಿಸು. ಮುನ್ನೂರ ಐವತ್ತು ಕ್ಯಾಲೊರಿ ಎಂದರೆ ಎರಡು ಚಮಚ ಎಣ್ಣೆ, ಒಂದು ಹಿಡಿ ಅನ್ನ, ಒಂದು ಸಿಹಿ ಬಿಸ್ಕತ್ತು ಕಡಿಮೆ, ಅಷ್ಟೇ. ಅವನ ತಂಗಿಯನ್ನು ಯಾರೂ ಮತ್ತೆ ಹಿಂಡುತ್ತಿಲ್ಲ. ಉಳಿದ ಭಾಗ ಅವನಿಗೆ ಓದಿಸುವುದು ಬಿಡುವುದು ನಿನ್ನಿಷ್ಟ.

ನೀನು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ಗೊತ್ತಿದ್ದೂ ಹೊಡೆದೆಯಾ ಎಂದು. ಹೌದು, ಗೊತ್ತಿದ್ದೂ ಹೊಡೆದೆ. ಕ್ಷಮಿಸು ಎಂದು ಬರೆದರೆ ಅದೂ ಒಂದು ಭಾರ, ನಿನ್ನ ಮೇಲೆ ಹೊರಿಸಿದ ಹಾಗೆ, ಅದಕ್ಕೇ ಬರೆಯುವುದಿಲ್ಲ. ಇದನ್ನು ಓದಿ ಮುಗಿಸಿದ ಮೇಲೆ ನನ್ನ ಮುಖಕ್ಕೆ ಗುದ್ದಬೇಕೆನಿಸಿದರೆ ಒಂದು ಸಾಲು ಹಾಕು, ಮೊದಲ ಬಸ್ಸಿಗೇ ಬರುತ್ತೇನೆ. ಎಡಗೈ ಇದೆಯಲ್ಲ. ನಾನು ಕೈ ಎತ್ತಿ ತಡೆಯುವುದಿಲ್ಲ, ತಲೆಯನ್ನೂ ಸರಿಸುವುದಿಲ್ಲ. ಆದರೆ ಹಸಿದ ಹೊಟ್ಟೆಯಲ್ಲಿ ಹೊಡೆಯಬೇಡ. ಉಂಡು, ಕೈಗೆ ಕಸುವು ತುಂಬಿಕೊಂಡು ಹೊಡಿ.

ನಿನ್ನ ಕಾಲು ನಿನ್ನನ್ನು ಹೊತ್ತು ನಡೆಯಲಿ, ನಿನ್ನ ಬಾಯಿ ಎಂದೂ ಒಣಗದಿರಲಿ.

ನಿನ್ನ ಎದುರು ನಿಂತಿದ್ದವಳು,
ಗುದ್ದಲಿ